ಹದಿನೆಂಟು ಗೆರೆಯ ಹಲಗೆ, ಏಳೂವರೆ ಅಂಕದ ಸೋಲು

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನನ್ನದೊಂದು ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕವಿದೆ. ಬಿಡುವಿನಲ್ಲಿ ಮೊಬೈಲ್ ನೋಡಿಕೊಂಡು, ಕಪ್ಪು ಬಿಳಿ ಕಲ್ಲುಗಳನ್ನು ಸರದಿಯಂತೆ ಇಟ್ಟು ಜಾಗ ಸುತ್ತುವರಿಯುವ ಗೋ ಆಟ ಕಲಿತೆ. ರಜೆಗೆ ಬಂದ ಅಕ್ಕನ ಮಗನಿಗೂ ಕಲಿಸೋಣವೆಂದು ಬಡಗಿಯಿಂದ ಹಲಗೆ ಮಾಡಿಸಿ, ಕಪ್ಪು ಮತ್ತು ಬಿಳಿ ಅಂಗಿ ಗುಂಡಿಗಳನ್ನು ತಂದೆ. ಹನ್ನೊಂದು ವರ್ಷದ ಹುಡುಗ ಬಿಳಿ ಹಿಡಿಯುತ್ತಾನೆ. ನಾನು ಒಂದು ಮೂಲೆಯಲ್ಲಿ ಇಟ್ಟರೆ ಅವನು ಅದಕ್ಕೆ ಎದುರು ಮೂಲೆಯಲ್ಲಿ ಅದೇ ಜಾಗಕ್ಕೆ ಇಡುತ್ತಾನೆ, ಕೊನೆಯವರೆಗೂ ಅಷ್ಟೇ. ಮೂರು ಆಟದಲ್ಲೂ ಸರಿಯಾಗಿ ಏಳೂವರೆ ಅಂಕದಿಂದ ಸೋತೆ. ನಿಯಮದಲ್ಲಿ ಇದಕ್ಕೆ ಅವಕಾಶವಿದೆಯೇ? ಮುರಿಯುವುದು ಹೇಗೆ? ಇನ್ನೂ ದೊಡ್ಡ ಹಲಗೆ ಮಾಡಿಸಿದರೆ ಅವನಿಗೆ ನಕಲು ಮಾಡುವುದು ಕಷ್ಟವಾಗುತ್ತದೆಯೇ? ಹಲಗೆಯ ಚಿತ್ರ ಕಳುಹಿಸಿದ್ದೇನೆ.

ಉತ್ತರ: ನಿಮ್ಮ ಪತ್ರ ಓದುತ್ತಾ ‘ಸರಿಯಾಗಿ ಏಳೂವರೆ’ ಎಂಬಲ್ಲಿಗೆ ಬಂದು ನಿಂತುಬಿಟ್ಟೆ. ಮೂರು ಸಲವೂ ಅದೇ ಅಂತರ ಬರುವುದು ಕಾಕತಾಳೀಯವಲ್ಲ. ಎರಡನೆಯದಾಗಿ ಆಡುವ ಬಿಳಿಗೆ ಪರಿಹಾರವಾಗಿ ಕೊಡುವ ಕೋಮಿ, ಚೀನೀ ಲೆಕ್ಕದಲ್ಲಿ (ಕಲ್ಲುಗಳನ್ನೂ ಅವು ಸುತ್ತುವರಿದ ಜಾಗಗಳನ್ನೂ ಸೇರಿಸಿ ಎಣಿಸುವ ಲೆಕ್ಕ), ಏಳೂವರೆ ಅಂಕ. ಅಂದರೆ ಹಲಗೆಯ ಮೇಲೆ ನೀವಿಬ್ಬರೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮನಾಗಿದ್ದಿರಿ, ಕೋಮಿಯೊಂದೇ ನಿಮ್ಮನ್ನು ಸೋಲಿಸಿತು. ಆದರೆ ಸರಿಯಾದ ಗೋ ಹಲಗೆಯಲ್ಲಿ ಹೀಗೆ ಸಮನಾಗಲು ಬರುವುದಿಲ್ಲ. 19 ಗೆರೆಗಳ ಹಲಗೆಯಲ್ಲಿ ಗೆರೆಗಳು ಕೂಡುವ ಜಾಗಗಳು 361, ಅದು ಬೆಸ ಸಂಖ್ಯೆ. ನಟ್ಟನಡುವಿನ ಒಂದು ಜಾಗಕ್ಕೆ ಜೋಡಿ ಇಲ್ಲ. ಹುಡುಗ ಎಷ್ಟೇ ನಿಷ್ಠೆಯಿಂದ ನಕಲು ಮಾಡಿದರೂ ಕೊನೆಗೆ ಆ ಜಾಗ ನಿಮಗೆ ದಕ್ಕಬೇಕು, ಸೋಲು ಆರೂವರೆಗೆ ಇಳಿಯಬೇಕು. ಏಳೂವರೆ ಬಂದಿದೆ ಎಂದರೆ ನಿಮ್ಮ ಹಲಗೆಗೆ ನಡುವೇ ಇಲ್ಲ! ಚಿತ್ರವನ್ನು ದೊಡ್ಡದು ಮಾಡಿ ಎಣಿಸಿದೆ. ಅಡ್ಡ 18 ಗೆರೆ, ಉದ್ದ 18 ಗೆರೆ.

ಬಡಗಿಯನ್ನು ಬೈಯಬೇಡಿ. ನೀವು ಬಹುಶಃ ‘18 ಮನೆ’ ಎಂದು ಹೇಳಿರುತ್ತೀರಿ, ಅವರು 18 ಗೆರೆ ಎಳೆದಿದ್ದಾರೆ. ನಮ್ಮ ಕಡೆ ದ್ರಾಕ್ಷಿ ಚಪ್ಪರ ಹಾಕಿಸಿದವರಿಗೆ ಈ ಲೆಕ್ಕ ಗೊತ್ತು: ಒಂದು ಸಾಲಿನಲ್ಲಿ 18 ಅಂಕಣ ಬೇಕಾದರೆ 19 ಕಲ್ಲುಕಂಬ ತರಿಸಬೇಕು. ಚೌಕಾಬಾರದಲ್ಲಿ ಕಾಯಿ ಮನೆಯೊಳಗೆ ಕೂರುತ್ತದೆ, ಆದ್ದರಿಂದ ಮನೆ ಎಣಿಸಿದರೆ ಸಾಕು. ಗೋ ಆಟದಲ್ಲಿ ಕಲ್ಲು ಕೂರುವುದು ಆಡು-ಹುಲಿಯಲ್ಲಿ ಇದ್ದಂತೆ, ಗೆರೆಗಳು ಕೂಡುವಲ್ಲಿ. ಇಲ್ಲಿ ಕಂಬಗಳನ್ನೇ ಎಣಿಸಬೇಕು.

ಇನ್ನು ನಿಮ್ಮ ಮೊದಲ ಪ್ರಶ್ನೆ. ನಕಲಿಗೆ ನಿಯಮದಲ್ಲಿ ಧಾರಾಳವಾಗಿ ಅವಕಾಶವಿದೆ. ಮೂವತ್ತು ವರ್ಷ ಗಣಿತ ಕಲಿಸುತ್ತಾ ಪರೀಕ್ಷಾ ಕೊಠಡಿಗಳಲ್ಲಿ ನಕಲು ಹಿಡಿದ ನನಗೇ ಈ ಮಾತು ಹೇಳಲು ಸ್ವಲ್ಪ ಕಸಿವಿಸಿ, ಆದರೂ ಹುಡುಗನ ಮೇಲೆ ತಪ್ಪಿಲ್ಲ. ಜಪಾನಿನಲ್ಲಿ ಈ ತಂತ್ರಕ್ಕೆ ‘ಮಾನೆಗೋ’ ಎಂಬ ಹೆಸರೇ ಇದೆ, ಅನುಕರಣೆಯ ಗೋ ಎಂದು ಅರ್ಥ. ದೊಡ್ಡ ದೊಡ್ಡವರೇ ಇದನ್ನು ಆಡಿದ್ದಾರೆ. ಚೀನಾದಿಂದ ಜಪಾನಿಗೆ ಬಂದ ಗೋ ಸೈಗೆನ್ ಎಂಬ ಹದಿಹರೆಯದ ಆಟಗಾರ 1929ರಲ್ಲಿ ಕಿತಾನಿ ಮಿನೋರು ಎದುರು ಕಪ್ಪು ಹಿಡಿದು, ಮೊದಲ ಕಲ್ಲನ್ನು ನಟ್ಟನಡುವೆ ಇಟ್ಟು, ಆಮೇಲೆ ಅರವತ್ತು ನಡೆಗಳ ಸುಮಾರಿನವರೆಗೂ ಎದುರಾಳಿಯನ್ನು ನಕಲು ಮಾಡುತ್ತಾ ಹೋದರು. ಆ ಆಟ ಗೆದ್ದದ್ದು ಕಿತಾನಿ. ಮುಂದೆ 1950ರ ದಶಕದಿಂದ ಫುಜಿಸಾವಾ ಹೋಸಾಯ್ ಎಂಬ ಆಟಗಾರ ಬಿಳಿ ಹಿಡಿದಾಗ ನಕಲು ಮಾಡುವುದಕ್ಕೇ ಹೆಸರಾದರು.

ಗೋ ಸೈಗೆನ್ ಕಪ್ಪಿನಲ್ಲಿ ನಕಲು ಮಾಡಿದರು, ಹೋಸಾಯ್ ಬಿಳಿಯಲ್ಲಿ. ಈ ಅದಲುಬದಲಿಗೆ ಕಾರಣ ಕೋಮಿ. 1929ರ ಆ ಆಟದಲ್ಲಿ ಕೋಮಿ ಇರಲಿಲ್ಲ. ನಡುವಿನ ಒಂದು ಕಲ್ಲು ಹೆಚ್ಚಿಗೆ ಇಟ್ಟುಕೊಂಡು ಉಳಿದದ್ದೆಲ್ಲ ಸಮ ಮಾಡಿಬಿಟ್ಟರೆ ಲಾಭ ಕಪ್ಪಿಗೆ. 1930ರ ದಶಕದ ಕೊನೆಯಿಂದ ಪಂದ್ಯಗಳಲ್ಲಿ ಕೋಮಿ ನೆಲೆಯೂರಿತು, ಮೊದಲು ನಾಲ್ಕೂವರೆ, ಆಮೇಲೆ ಐದೂವರೆ, ಈಗ ಜಪಾನಿನಲ್ಲಿ ಆರೂವರೆ, ಚೀನಾದಲ್ಲಿ ಏಳೂವರೆ. ಆಗ ಹಲಗೆಯನ್ನು ಸಮ ಮಾಡಿಟ್ಟು ಸುಮ್ಮನೆ ಕೂರುವುದು ಬಿಳಿಯ ಲಾಭವಾಯಿತು. ನಿಮ್ಮ ಸೋದರಳಿಯನಿಗೆ ಈ ಇತಿಹಾಸ ಗೊತ್ತಿರಲಾರದು, ಆದರೆ ಲಾಭ ಎಲ್ಲಿದೆ ಎಂಬುದು ಗೊತ್ತಾಗಿದೆ. ಅವನನ್ನು ತಡೆಯುವ ಅತಿ ಸುಲಭದ ದಾರಿಯೆಂದರೆ ಕೋಮಿಯನ್ನೇ ತೆಗೆದುಹಾಕಿ, ಆಟಕ್ಕೊಮ್ಮೆ ಬಣ್ಣ ಬದಲಿಸಿಕೊಳ್ಳುವುದು. ಆದರೆ ಅದು ಬಾಗಿಲು ಮುಚ್ಚಿದಂತೆ, ಮುರಿದಂತಲ್ಲ. ನೀವು ಕೇಳಿದ್ದು ಮುರಿಯುವುದನ್ನು.

ಅದಕ್ಕೆ ಮೊದಲು ಅವನು ಮಾಡುತ್ತಿರುವುದೇನೆಂದು ಸ್ಪಷ್ಟವಾಗಬೇಕು. ಇದನ್ನು ಎಲ್ಲರೂ ‘ಕನ್ನಡಿ ಆಟ’ ಎನ್ನುತ್ತಾರೆ, ನಿಜಕ್ಕೂ ಇದರಲ್ಲಿ ಕನ್ನಡಿ ಇಲ್ಲ. ನಂದಿ ಗ್ರಾಮದ ದೇವಸ್ಥಾನಕ್ಕೆ ಹೋದಾಗ ನೆನಪಿಸಿಕೊಳ್ಳಿ. ಒಂದು ಕಡೆ ಅರುಣಾಚಲೇಶ್ವರ, ಇನ್ನೊಂದು ಕಡೆ ಭೋಗನಂದೀಶ್ವರ, ಎಡಬಲದ ಜೋಡಿ. ಕನ್ನಡಿ ಎಂದರೆ ಆ ಬಗೆ. ನಡುವೆ ಇರುವ ಸಣ್ಣ ಉಮಾಮಹೇಶ್ವರ ಗುಡಿಗೆ ಜೋಡಿ ಇಲ್ಲ. 19 ಗೆರೆಯ ಹಲಗೆಯಲ್ಲಿ ಹೀಗೆ ಎಡಬಲ ಕನ್ನಡಿ ಮಾಡಹೊರಟರೆ ನಡುಗೆರೆಯ 19 ಜಾಗಗಳೂ ಜೋಡಿಯಿಲ್ಲದೆ ಉಳಿಯುತ್ತವೆ, ನಕಲು ಒಂದೇ ನಡೆಯಲ್ಲಿ ಸಿಕ್ಕಿಬೀಳುತ್ತದೆ. ಹುಡುಗ ಮಾಡುತ್ತಿರುವುದು ಇಸ್ಪೀಟಿನ ರಾಜನ ಚಿತ್ರದಂತಹದ್ದು. ಎಲೆಯನ್ನು ಅರ್ಧ ಸುತ್ತು ತಿರುಗಿಸಿ ಹಿಡಿದರೂ ಅದೇ ರಾಜ. ಇಲ್ಲಿ ಜೋಡಿಯಿಲ್ಲದ ಜಾಗ ಒಂದೇ, ನಡುಬಿಂದು. ಜಪಾನಿನವರು ಅದನ್ನು ‘ತೆಂಗೆನ್’ ಎನ್ನುತ್ತಾರೆ, ಆಕಾಶದ ಮೂಲ ಎಂಬ ಅರ್ಥದಲ್ಲಿ. ಗೆರೆಗಳ ಸಂಖ್ಯೆ ಸಮವಾದರೆ ಆ ಒಂದೂ ಇರುವುದಿಲ್ಲ. ನಿಮ್ಮ 18 ಗೆರೆಯ ಹಲಗೆ ನಕಲು ಮಾಡುವವನಿಗೆಂದೇ ಹೇಳಿ ಮಾಡಿಸಿದಂತಿದೆ.

ಆದರೂ ಮುರಿಯಬಹುದು. ಎಲ್ಲ ಗುಟ್ಟೂ ನಡುವಿನ ಸುತ್ತಮುತ್ತಲೇ ಇದೆ. ಮೂಲೆಗಳಲ್ಲಿ ನೀವು ಅವನ ಕಲ್ಲುಗಳನ್ನು ಸೆರೆಹಿಡಿದರೆ ಎದುರು ಮೂಲೆಯಲ್ಲಿ ಅವನು ನಿಮ್ಮವನ್ನು ಸೆರೆಹಿಡಿಯುತ್ತಾನೆ, ಲೆಕ್ಕ ಸಮ. ನೀವು ಈವರೆಗೆ ಆಡಿದ್ದು ಹೀಗೆಯೇ ಇರಬೇಕು. ನಡುವಿನಲ್ಲಿ ಮಾತ್ರ ನಿಮ್ಮ ಕಲ್ಲು ಮತ್ತು ಅದರ ನಕಲು ಒಂದಕ್ಕೊಂದು ತಾಗುತ್ತವೆ, ಒಂದರ ಉಸಿರು ಇನ್ನೊಂದರ ಕೈಯಲ್ಲಿರುತ್ತದೆ. (ಕಲ್ಲಿನ ಪಕ್ಕದ ಖಾಲಿ ಜಾಗವನ್ನು ಚೀನಿಯರು ‘ಉಸಿರು’ ಎಂದೇ ಕರೆಯುತ್ತಾರೆ. ಎಲ್ಲ ಉಸಿರೂ ಮುಚ್ಚಿದರೆ ಕಲ್ಲು ಸೆರೆ.) ಇಬ್ಬರ ಗುಂಪಿಗೂ ಉಸಿರು ಸಮನಾಗಿದ್ದರೆ ಮೊದಲು ಆಡುವವನು ಮೊದಲು ಕೊಲ್ಲುತ್ತಾನೆ. ನಕಲು ಮಾಡುವವನು ಯಾವಾಗಲೂ ಒಂದು ನಡೆ ಹಿಂದೆ.

ಗುಂಡಿಗಳನ್ನು ತೆಗೆದುಕೊಂಡು ಕುಳಿತು ಇದನ್ನು ಇಟ್ಟು ನೋಡಿ. ಮೊದಲ ಅಂಕಿ ಎಡದಿಂದ ಎಣಿಸಿದ ಗೆರೆ, ಎರಡನೆಯದು ಕೆಳಗಿನಿಂದ ಎಣಿಸಿದ ಗೆರೆ. 18 ಗೆರೆಯ ಹಲಗೆಯಲ್ಲಿ ಹುಡುಗನ ನಕಲು ಎಲ್ಲಿ ಬೀಳುತ್ತದೆಂದು ತಿಳಿಯಲು ಎರಡೂ ಅಂಕಿಗಳನ್ನು 19ರಿಂದ ಕಳೆದರಾಯಿತು. ನೀವು 9-9ರಲ್ಲಿ ಇಡಿ, ಅವನು 10-10ರಲ್ಲಿ ಇಡುತ್ತಾನೆ. ನೀವು 10-9, ಅವನು 9-10. ಈಗ ಎರಡೆರಡು ಕಲ್ಲುಗಳ ಜೋಡಿಗಳು ಎದೆಗೆ ಎದೆ ಕೊಟ್ಟು ನಿಂತಿವೆ. ನೀವು 8-10, ಅವನು 11-9. ನೀವು 11-10, ಅವನು 8-9. ನೀವು 9-11, ಅವನು 10-8. ಈ ಹಂತದಲ್ಲಿ ಅವನ ಜೋಡಿಗೂ ಒಂದೇ ಉಸಿರು, ನಿಮ್ಮ ಜೋಡಿಗೂ ಒಂದೇ ಉಸಿರು. ನಡೆ ನಿಮ್ಮದು. 10-11ರಲ್ಲಿ ಇಟ್ಟು ಅವನ ಎರಡೂ ಕಲ್ಲುಗಳನ್ನು ಎತ್ತಿಬಿಡಿ. ಅವನು ಅಭ್ಯಾಸಬಲದಿಂದ 9-8ರಲ್ಲಿ ಇಟ್ಟರೂ ನಿಮ್ಮ ಜೋಡಿ ಸಾಯುವುದಿಲ್ಲ, ಏಕೆಂದರೆ ಎತ್ತಿದ ಕಲ್ಲುಗಳ ಜಾಗವೇ ನಿಮಗೆ ಎರಡು ಹೊಸ ಉಸಿರಾಗಿದೆ. ಆರು ನಡೆಯಲ್ಲಿ ನಕಲು ಮುಗಿಯಿತು.

ಸರಿಯಾದ 19 ಗೆರೆಯ ಹಲಗೆಯಲ್ಲಿ ಇದು ಇನ್ನೂ ಚುಟುಕು. ಅಲ್ಲಿ ಅಂಕಿಗಳನ್ನು 20ರಿಂದ ಕಳೆಯಬೇಕು, ನಡುಬಿಂದು 10-10. ನೀವು 10-9, ಅವನು 10-11. ನೀವು 9-11, ಅವನು 11-9. ನೀವು 11-11, ಅವನು 9-9. ನೀವು 10-12, ಅವನು 10-8. ಈಗ ಅವನ 10-11ರ ಕಲ್ಲಿಗೂ ನಿಮ್ಮ 10-9ರ ಕಲ್ಲಿಗೂ ಉಳಿದಿರುವ ಕೊನೆಯ ಉಸಿರು ಒಂದೇ ಜಾಗ, ನಡುಬಿಂದು. ನೀವು ಅಲ್ಲಿಟ್ಟರೆ ಅವನ ಕಲ್ಲು ಹೋಯಿತು, ನಿಮ್ಮದು ಉಳಿಯಿತು, ನಕಲು ಮಾಡಲು ಅವನಿಗೆ ಜಾಗವೇ ಇಲ್ಲ. ಈ ಉಪಾಯವನ್ನು ಮೊದಲ ಸಲ ಕಂಡುಕೊಂಡ ಸಂಜೆ ನಾನು ಮಡದಿಗೆ ಹಲಗೆ ತೋರಿಸಿ ವಿವರಿಸಿದೆ. ಆಕೆ ಅವರೆಕಾಯಿ ಸುಲಿಯುತ್ತಾ, ‘ಅವನು ಮಧ್ಯದಲ್ಲೇ ನಕಲು ಬಿಟ್ಟರೆ?’ ಎಂದಳು.

ಆಕೆ ಕೇಳಿದ್ದೇ ಮುಖ್ಯ ಪ್ರಶ್ನೆ. ಮೇಲಿನ ಎರಡು ಬಲೆಗಳೂ ಕಣ್ಣು ಮುಚ್ಚಿ ನಕಲು ಮಾಡುವವನಿಗೆ. ನಿಮ್ಮ ಹುಡುಗ ಒಮ್ಮೆ ಬೀಳುತ್ತಾನೆ, ಹೆಚ್ಚೆಂದರೆ ಎರಡು ಸಲ. ಆಮೇಲೆ ಬಲೆ ಬಿಗಿಯಾಗುವ ಮುನ್ನವೇ ನಕಲು ಬಿಟ್ಟು ತನ್ನ ಕಲ್ಲನ್ನು ಉಳಿಸಿಕೊಳ್ಳುತ್ತಾನೆ. ಹೋಸಾಯ್ ಅವರಂತಹವರ ಬಲ ಇದ್ದದ್ದು ಅಲ್ಲಿಯೇ. ನಿಮ್ಮ ಒಳ್ಳೆಯ ನಡೆಗಳನ್ನೆಲ್ಲ ಎರವಲು ಪಡೆದು, ನೀವು ಒಂದು ಸಡಿಲ ನಡೆ ಆಡಿದ ಗಳಿಗೆ ನೋಡಿ, ಅದೊಂದನ್ನು ಮಾತ್ರ ನಕಲು ಮಾಡದೆ ತಮ್ಮ ದಾರಿ ಹಿಡಿಯುವುದು. ಹಾಗಾಗಿ ನೀವು ಬಲೆಗಿಂತ ನಡುಬಿಂದುವಿನ ಬೆಲೆ ಏರಿಸುವುದನ್ನು ಕಲಿಯಬೇಕು. ಮೂಲೆಗಳಲ್ಲಿ ಬೇಗ ಜಗಳ ಮುಗಿಸದೆ, ನಡುವಿನ ಕಡೆ ಮುಖ ಮಾಡಿದ ಗೋಡೆಗಳನ್ನು ಕಟ್ಟಿ. ಅವನೂ ಕಟ್ಟುತ್ತಾನೆ, ಕಟ್ಟಲಿ. ಗೋಡೆಗಳೆಲ್ಲ ನಡುವನ್ನೇ ನೋಡುತ್ತಿರುವಾಗ ಅಲ್ಲಿಡುವ ಒಂದು ಕಲ್ಲು ನಿಮ್ಮ ಗೋಡೆಗಳಿಗೆ ಬಲ ಕೊಟ್ಟು ಅವನ ಗೋಡೆಗಳ ಬಲ ಕಸಿಯುತ್ತದೆ. ಏಣಿಯ ಮೆಟ್ಟಿಲಿನಂತೆ ಓರೆಯಾಗಿ ಅಟ್ಟಿಸಿಕೊಂಡು ಹೋಗಿ ಕಲ್ಲು ಹಿಡಿಯುವ ಪಟ್ಟು ನಿಮಗೆ ಗೊತ್ತಿರಬಹುದು. ಮೂಲೆಯಿಂದ ಹೊರಟ ಅಂತಹ ಏಣಿ ಹಲಗೆಯ ನಡುವನ್ನು ಹಾದೇ ಎದುರು ಮೂಲೆಗೆ ಹೋಗುತ್ತದೆ. ನಡುವಿನಲ್ಲಿ ನಿಮ್ಮ ಕಲ್ಲಿದ್ದರೆ ನಾಲ್ಕೂ ಮೂಲೆಗಳ ಏಣಿಗಳು ಸಾಮಾನ್ಯವಾಗಿ ನಿಮ್ಮ ಕಡೆ ವಾಲುತ್ತವೆ. ಯಾವಾಗ ನಡುವನ್ನು ಹಿಡಿಯಬೇಕು ಎಂಬುದಕ್ಕೆ ಸೂತ್ರ ಹೇಳಿಕೊಡಲು ಬರುವುದಿಲ್ಲ. ಬೇಗ ಹಿಡಿದರೆ ಒಂದು ನಡೆ ದಂಡ, ತಡವಾದರೆ ನಕಲು ಬಿಟ್ಟು ಅವನೇ ಅಲ್ಲಿ ಕುಳಿತಿರುತ್ತಾನೆ.

ಇದಕ್ಕಿಂತ ಹಳೆಯದೊಂದು ಮದ್ದೂ ಇದೆ. ಚೀನಾದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಆಟ ಶುರುವಾಗುವ ಮೊದಲೇ ನಾಲ್ಕು ಮೂಲೆಗಳ ನಕ್ಷತ್ರಬಿಂದುಗಳಲ್ಲಿ (ಎರಡೂ ಅಂಚಿನಿಂದ ನಾಲ್ಕನೆಯ ಗೆರೆಗಳು ಕೂಡುವ ಜಾಗ) ಎರಡು ಕಪ್ಪು, ಎರಡು ಬಿಳಿ ಕಲ್ಲುಗಳನ್ನು ಇಡುತ್ತಿದ್ದರು, ಒಂದೇ ಬಣ್ಣದವು ಎದುರುಬದುರು ಮೂಲೆಯಲ್ಲಿ. ಹಲಗೆಯನ್ನು ಅರ್ಧ ಸುತ್ತು ತಿರುಗಿಸಿದರೆ ಕಪ್ಪಿನ ಜಾಗಕ್ಕೆ ಕಪ್ಪೇ ಬರುತ್ತದೆ, ಬಿಳಿಯ ಜಾಗಕ್ಕೆ ಬಿಳಿಯೇ. ಇಸ್ಪೀಟ್ ಎಲೆಯ ನಕಲು ಹುಟ್ಟುವ ಮೊದಲೇ ಕೆಟ್ಟಿತು. ಆದರೆ ನಿಮ್ಮ ಹಲಗೆಯಲ್ಲಿ ಇದನ್ನು ಮಾಡಿದರೆ ಹುಡುಗನಿಗೆ ಇನ್ನೊಂದು ಕಂಡಿ ಉಳಿಯುತ್ತದೆ. 18 ಗೆರೆಗಳಲ್ಲಿ ನಡುಗೆರೆಯೇ ಇಲ್ಲದ್ದರಿಂದ ಅವನು ನಿಜವಾದ ಎಡಬಲ ಕನ್ನಡಿಗೆ ಹೊರಳಬಹುದು. ಹೊರಳಿದರೆ ಒಳ್ಳೆಯದೇ. 9 ಮತ್ತು 10ನೆಯ ಗೆರೆಗಳ ಉದ್ದಕ್ಕೂ ನಿಮ್ಮ ಕಲ್ಲು, ಅವನ ನಕಲು ಭುಜಕ್ಕೆ ಭುಜ ತಾಗುತ್ತವೆ. ಆರು ನಡೆಯ ಬಲೆಯಂತಹದ್ದನ್ನು ಬೀಸಲು ಆ ಗೆರೆಗಳ ಉದ್ದಕ್ಕೂ ಜಾಗ ಸಿಕ್ಕಿದಂತಾಯಿತು.

ದೊಡ್ಡ ಹಲಗೆಯ ವಿಚಾರದಲ್ಲಿ ನಿಮ್ಮ ಊಹೆ ತಿರುಗುಮುರುಗಾಗಿದೆ. ಹಲಗೆ ದೊಡ್ಡದಾದಷ್ಟೂ ಮೂಲೆಗಳಿಂದ ನಡು ದೂರ, ನಕಲು ನಿರಾತಂಕವಾಗಿ ಅಷ್ಟು ಹೆಚ್ಚು ಕಾಲ ನಡೆಯುತ್ತದೆ. 9 ಗೆರೆಯ ಹಲಗೆಯಲ್ಲಾದರೆ ನಾಲ್ಕನೆಯ ಗೆರೆಯಿಂದ ಕೈ ಚಾಚಿದರೆ ನಡುವೇ ಸಿಗುತ್ತದೆ, ಮೊದಲ ಜಗಳದಲ್ಲೇ ನಕಲು ಚದುರಿಹೋಗುತ್ತದೆ. ಜೊತೆಗೆ ದೊಡ್ಡದು ಮಾಡಿದರೆ ಆಟವೇ ಬೇರೆಯಾಗುತ್ತದೆ. ನನಗೆ ತುಂಬ ಇಷ್ಟವಾದ ಲೆಕ್ಕ ಒಂದಿದೆ, ಕಾಗದದ ಮೇಲೆ ನೀವೇ ಮಾಡಿ ನೋಡಬಹುದು. ಒಬ್ಬನು ಅಂಚಿನಿಂದ ಮೂರನೆಯ ಗೆರೆಯ ಮೇಲೆ ಸುತ್ತಲೂ ಬೇಲಿ ಹಾಕಿ ಹೊರಗಿನ ಜಾಗ ತನ್ನದೆನ್ನಲಿ, ಇನ್ನೊಬ್ಬನು ನಾಲ್ಕನೆಯ ಗೆರೆಯ ಮೇಲೆ ಬೇಲಿ ಹಾಕಿ ಒಳಗಿನದು ತನ್ನದೆನ್ನಲಿ. 19 ಗೆರೆಯಲ್ಲಿ ಮೊದಲನೆಯವನಿಗೆ 56 ಕಲ್ಲಿಗೆ 136 ಜಾಗ, ಎರಡನೆಯವನಿಗೆ 48 ಕಲ್ಲಿಗೆ 121 ಜಾಗ. ಕಲ್ಲೊಂದಕ್ಕೆ ಇಬ್ಬರಿಗೂ ಸುಮಾರು ಎರಡೂವರೆ. ಅಂಚಿನವನೂ ಒಳಗಿನವನೂ ಹೆಚ್ಚುಕಡಿಮೆ ಸಮತೂಕ. 17 ಗೆರೆಯಲ್ಲಿ ಇದೇ ಲೆಕ್ಕ 120ಕ್ಕೆ 81, ಅಂಚು ಹಿಡಿದವನು ಮುಂದೆ. ನಿಮ್ಮ 18ರಲ್ಲಿ 128ಕ್ಕೆ 100. 21ಕ್ಕೆ ಹೋಗಿ, ಅಂಚಿಗೆ 152, ಒಳಗೆ 169, ಅದೂ ಎಂಟು ಕಲ್ಲು ಕಡಿಮೆ ಖರ್ಚಿನಲ್ಲಿ. ಅಷ್ಟು ದೊಡ್ಡ ಹಲಗೆಯಲ್ಲಿ ಮೂಲೆ, ಅಂಚು ಹಿಡಿಯುವ ಗೊಡವೆ ಯಾರಿಗೆ ಬೇಕು? 19ಕ್ಕಿಂತ ಮುಂದೆ ಹೋಗಬೇಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಹಾಗೆಂದು ಹಿಂದಿನವರು ಈ ಲೆಕ್ಕ ಹಾಕಿಯೇ 19ನ್ನು ಆರಿಸಿದರೆಂದು ಹೇಳಲಾರೆ. ಚೀನಾದ ವಾಂಗ್‌ದು ಎಂಬಲ್ಲಿ ಹಾನ್ ಕಾಲದ ಸಮಾಧಿಯಲ್ಲಿ ಸಿಕ್ಕಿದ ಕಲ್ಲಿನ ಹಲಗೆಯಲ್ಲಿ 17 ಗೆರೆಗಳಿವೆ. ಆನ್ಯಾಂಗ್‌ನಲ್ಲಿ ಕ್ರಿ.ಶ. 595ರ ಸಮಾಧಿಯೊಂದರಲ್ಲಿ ಸಿಕ್ಕಿದ ಪಿಂಗಾಣಿ ಹಲಗೆಯಲ್ಲಿ 19. ಟಿಬೆಟ್ಟಿನ ಸಾಂಪ್ರದಾಯಿಕ ಆಟ ಮಾತ್ರ 17 ಗೆರೆಯಲ್ಲೇ ಉಳಿಯಿತು. ಸಂಖ್ಯೆ ಬದಲಾದರೂ ಎಲ್ಲವೂ ಬೆಸ ಸಂಖ್ಯೆಗಳೇ, ನಡುಬಿಂದುವನ್ನು ಯಾರೂ ಬಿಟ್ಟುಕೊಡಲಿಲ್ಲ.

ಸಮ, ಬೆಸದ ವ್ಯತ್ಯಾಸ ಎಷ್ಟೆಂದು ಕಣ್ಣಾರೆ ಕಾಣಬೇಕಾದರೆ ಪುಟಾಣಿ ಹಲಗೆಗಳನ್ನು ನೋಡಬೇಕು. ಇಬ್ಬರೂ ತಪ್ಪಿಲ್ಲದೆ ಆಡಿದರೆ 3 ಗೆರೆಯ ಹಲಗೆಯಲ್ಲಿ ಕಪ್ಪು ನಡುವಿನಲ್ಲಿಟ್ಟು 9 ಜಾಗಗಳನ್ನೂ ಬಾಚಿಕೊಳ್ಳುತ್ತದೆ. 4 ಗೆರೆಯಲ್ಲಿ ಗೆಲ್ಲುವುದು ಎರಡೇ ಅಂಕದಿಂದ. 5 ಗೆರೆಗೆ ಬಂದರೆ ಮತ್ತೆ ನಡುವಿನ ಒಂದು ಕಲ್ಲಿನ ಬಲದಿಂದ ಪೂರ್ತಿ 25. ಇದನ್ನು 2002ರಲ್ಲಿ ಎರಿಕ್ ವಾನ್ ಡರ್ ವರ್ಫ್ ಕಂಪ್ಯೂಟರಿನಿಂದ ಬಿಡಿಸಿ ತೋರಿಸಿದರು. 6 ಗೆರೆಯಲ್ಲಿ ನಾಲ್ಕಕ್ಕೆ ಕುಸಿತ, 7ರಲ್ಲಿ 9 ಅಂಕ. ನಡುಬಿಂದು ಬಂದು ಹೋದಂತೆ ಅಂಕ ಏರಿ ಇಳಿಯುತ್ತದೆ. ಹಲಗೆ ಬೆಳೆದಂತೆ ಆ ಏರಿಳಿತ ಮಂಕಾಗುತ್ತಾ ಹೋಗುತ್ತದೆ. ನಮ್ಮ ಮನೆಯ ಜಗಲಿಗೆ ಭಾನುವಾರ ಬರುವ ಮಕ್ಕಳಿಗೆ ನಾನು ಮೊದಲ ದಿನ ಚಾಕ್‌ಪೀಸಿನಲ್ಲಿ 5 ಗೆರೆ ಎಳೆದು ಕೊಡುತ್ತೇನೆ. ಕಪ್ಪು ಸಿಕ್ಕಿದವರು ನಡುವನ್ನು ಬಿಟ್ಟು ಮೂಲೆಗೆ ಓಡುತ್ತಾರೆ, ಸೋಲುತ್ತಾರೆ, ಮೂರನೆಯ ಆಟಕ್ಕೆ ತಾವೇ ನಡುವಿಗೆ ಬರುತ್ತಾರೆ. ಆಮೇಲೆ 9 ಗೆರೆ. 9ರಲ್ಲಿ ಐವತ್ತು ಆಟವಾದರೂ ಆಗದೆ ನಾನು ಯಾರಿಗೂ 13 ಗೆರೆಯ ಹಲಗೆ ಕೊಡುವುದಿಲ್ಲ. ನಿಮ್ಮ ಹುಡುಗನಿಗೆ ನೀವು ನೇರವಾಗಿ ದೊಡ್ಡ ಹಲಗೆಯನ್ನೇ ಕೊಟ್ಟಿರಿ. ಅಷ್ಟು ಬಯಲಿನಲ್ಲಿ ಎಲ್ಲಿಡಬೇಕೆಂದು ತೋಚದೆ ಮಾವ ಇಟ್ಟಲ್ಲಿ ಇಡತೊಡಗಿದನೋ ಏನೋ ಎಂದು ನನಗೆ ಅನುಮಾನ. ನಕಲು ಎಷ್ಟೋ ಸಲ ಜಾಣತನಕ್ಕಿಂತ ದಿಕ್ಕು ತೋಚದ್ದರಿಂದ ಹುಟ್ಟುತ್ತದೆ. ಇವನದು ಯಾವುದೆಂದು 9 ಗೆರೆಯಲ್ಲಿ ಕೂರಿಸಿದರೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಹಲಗೆಯನ್ನು ಎಸೆಯಬೇಡಿ. ಚಿತ್ರದಲ್ಲಿ ಬಲಗಡೆಯೂ ಕೆಳಗೂ ಎರಡು ಬೆರಳಷ್ಟು ಅಂಚು ಬಿಟ್ಟಿರುವಂತೆ ಕಾಣುತ್ತದೆ. ಹಾಗಿದ್ದರೆ ಎರಡೂ ಕಡೆ ಒಂದೊಂದು ಗೆರೆ ಸೇರಿಸಿ, ಉಳಿದವನ್ನು ಅಷ್ಟಷ್ಟು ಉದ್ದ ಮಾಡಿದರೆ 19 ಆಗುತ್ತದೆ, ನೋಡಲು ಸ್ವಲ್ಪ ಒಂದು ಕಡೆಗೆ ಸರಿದಂತಿದ್ದರೂ ಆಟಕ್ಕೆ ತೊಂದರೆಯಿಲ್ಲ. ಗೆರೆಗಳ ನಡುವೆ ಗುಂಡಿ ಸಡಿಲವಾಗಿ ಕೂರುವಷ್ಟು ಜಾಗವಿರಲಿ. ಜಪಾನಿನ ಹಲಗೆಯಲ್ಲಿ ಒಂದು ಕಡೆಯ ಅಂತರ 22 ಮಿಲಿಮೀಟರ್, ಆಟಗಾರನಿಂದ ಎದುರಾಳಿಯ ಕಡೆಗೆ ಹೋಗುವ ಅಂತರ 23.7. ಓರೆಯಾಗಿ ಕುಳಿತು ನೋಡುವ ಕಣ್ಣಿಗೆ ಚೌಕವಾಗಿ ಕಾಣಲೆಂದು ಹಾಗೆ ಮಾಡುತ್ತಾರೆ. ಅಂಗಿ ಗುಂಡಿಗೆ ಅಷ್ಟೆಲ್ಲ ನಾಜೂಕು ಬೇಡ. ಹಲಗೆಯ ಹಿಂಬದಿಯಲ್ಲಿ ಹುಡುಗನಿಗೆಂದು 9 ಗೆರೆಯ ಹಲಗೆಯನ್ನೂ ಎಳೆಸಿಬಿಡಿ. ಈ ಸಲ ಬಡಗಿಗೆ 8 ಮನೆ ಎಂದು ಹೇಳಬೇಡಿ, 9 ಗೆರೆ ಎನ್ನಿ, ಎಳೆಯುವಾಗ ಪಕ್ಕದಲ್ಲೇ ನಿಂತಿರಿ.